ಕೊಡಗಿನ ಅಂಗಳಕ್ಕೆ ಬೀಜದಿಂದ ಡೈಸಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆ ಬಿಟ್ಟು ಬಿಸಿಲು ಮುಖ ತೋರಿಸಿದ ಕೂಡಲೇ ನೆಂಟರು, ಪಕ್ಕದ ತೋಟದವರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಇವು. ನಮ್ಮ ಮನೆ ಮಡಿಕೇರಿಯಿಂದ ನಾಪೋಕ್ಲು ಕಡೆ ಹೋಗುವ ದಾರಿಯಲ್ಲಿ, ಕಾಫಿ ತೋಟದ ನಡುವೆ ಇದೆ. ಪ್ರತಿ ವರ್ಷ ಅಂಗಳದ ಅಂಚಿಗೂ ಜಗಲಿಯ ಕುಂಡಗಳಿಗೂ ಬೀಜ ಹಾಕಿ ಡೈಸಿ ಬೆಳೆಸುತ್ತೇನೆ. ಮೊದಲ ಮೂರು ವರ್ಷ ತಿಂಗಳು ತಪ್ಪಿ ಬಿತ್ತಿ ಪೂರ್ತಿ ಕಳೆದುಕೊಂಡೆ. ಅದಕ್ಕೇ ಇಲ್ಲಿ ಯಾವಾಗ ಬಿತ್ತಬೇಕು ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ.

ಡೈಸಿ ಅಂದರೆ ಸೇವಂತಿಗೆಯೇ ಅಲ್ವಾ?

ಎರಡೂ ಒಂದೇ ಕುಟುಂಬ, ಆದರೆ ಬೇರೆ ಬೇರೆ ಗಿಡ. ಸೂರ್ಯಕಾಂತಿ, ಚೆಂಡುಹೂ, ಡೇಲಿಯಾ, ಆಸ್ಟರ್ ಎಲ್ಲವೂ ಇದೇ ಕುಟುಂಬಕ್ಕೆ ಸೇರಿದವು. ಒಂದು ಡೈಸಿ ಕಿತ್ತು ಹತ್ತಿರದಿಂದ ನೋಡಿ. ನಡುವಿನ ಹಳದಿ ಗುಂಡಿಯಲ್ಲಿ ಚಿಕ್ಕ ಚಿಕ್ಕ ಹೂಗಳು ಒತ್ತೊತ್ತಾಗಿ ಕೂತಿರುತ್ತವೆ. ಸುತ್ತಲಿನ ಒಂದೊಂದು ಎಸಳೂ ಒಂದು ಹೂವೇ. ನಾವು ಒಂದು ಹೂ ಅನ್ನುವುದು ಒಂದು ಇಡೀ ಗೊಂಚಲು.

ಡೈಸಿ ಅನ್ನುವ ಹೆಸರು ಹಳೆಯ ಇಂಗ್ಲಿಷಿನದ್ದು. ದಿನದ ಕಣ್ಣು ಅಂತ ಅರ್ಥ. ಬೆಳಿಗ್ಗೆ ಬಿಚ್ಚಿ ಸಂಜೆ ಮುಚ್ಚುವ ಹೂವಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ನೋಡಿ.

ಇಲ್ಲಿ ಹೇಳುತ್ತಿರುವುದು ಒಂದೇ ಹಂಗಾಮು ಬದುಕುವ, ಅಥವಾ ನಾವು ಹಾಗೆ ಬೆಳೆಸುವ ಡೈಸಿಗಳ ಬಗ್ಗೆ. ಜರ್ಬೆರಾ, ಶಾಸ್ತಾ ಡೈಸಿ ವರ್ಷಗಟ್ಟಲೆ ಇರುವ ಗಿಡಗಳು. ಅವುಗಳ ಆರೈಕೆ ಬೇರೆ.

ಮೊದಲ ಸಲ ಬಿತ್ತುವವರು ಯಾವುದರಿಂದ ಶುರು ಮಾಡಬೇಕು?

ಸ್ನೋ ಡೈಸಿಯಿಂದ. ಕೆಲವು ಪ್ಯಾಕೆಟ್ ಮೇಲೆ ಕ್ರೈಸಾಂಥಿಮಮ್ ಪಾಲುಡೋಸಮ್ ಅಂತ ಬರೆದಿರುತ್ತದೆ. ಗಿಡ ಒಂದು ಅಡಿ ದಾಟುವುದಿಲ್ಲ. ಬಿತ್ತಿದ ಎರಡೂವರೆ ತಿಂಗಳಿಗೆ ಬಿಳಿ ಎಸಳು, ಹಳದಿ ನಡುವಿನ ಹೂ ಗಿಡದ ತುಂಬ. ಸಣ್ಣಪುಟ್ಟ ತಪ್ಪನ್ನೆಲ್ಲ ಸಹಿಸಿಕೊಳ್ಳುವ ಗಿಡ ಇದು. ದಾರಿಯ ಅಂಚಿಗೂ ಸರಿ, ಕುಂಡಕ್ಕೂ ಸರಿ.

ನನಗೆ ಎಲ್ಲಕ್ಕಿಂತ ಇಷ್ಟ ಸ್ವಾನ್ ರಿವರ್ ಡೈಸಿ. ಪಶ್ಚಿಮ ಆಸ್ಟ್ರೇಲಿಯಾದ ಗಿಡ. ಪರ್ತ್ ನಗರದ ನಡುವೆ ಹರಿಯುವ ಸ್ವಾನ್ ನದಿಯಿಂದ ಹೆಸರು ಬಂದಿದೆ. ನೀಲಿ, ನೇರಳೆ, ಗುಲಾಬಿ, ಬಿಳಿ ಬಣ್ಣಗಳಿವೆ. ಎಲೆ ಸಬ್ಬಸಿಗೆ ಸೊಪ್ಪಿನ ಹಾಗೆ ಸಣ್ಣಗೆ ಸೀಳಿರುತ್ತದೆ. ಗಿಡ ಕುಂಡದ ಅಂಚಿನಿಂದ ಆಚೆ ಬಾಗುವುದರಿಂದ ತೂಗು ಕುಂಡಕ್ಕೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಕಿತ್ತಳೆ ಬಣ್ಣ ಬೇಕಿದ್ದರೆ ಡೈಮಾರ್ಫೋಥಿಕಾ, ಅಂದರೆ ಆಫ್ರಿಕನ್ ಡೈಸಿ. ದಕ್ಷಿಣ ಆಫ್ರಿಕಾದ ನಮಾಕ್ವಾಲ್ಯಾಂಡ್ ಎಂಬ ಒಣ ಸೀಮೆಯದ್ದು. ಪ್ಯಾಕೆಟ್ ಬಿಚ್ಚಿ ಬೀಜ ಅಂಗೈಗೆ ಸುರಿದುಕೊಂಡರೆ ಎರಡು ಬೇರೆ ಬೇರೆ ಬೀಜ ಕಲೆಸಿ ಕೊಟ್ಟಿದ್ದಾರೆ ಅನಿಸುತ್ತದೆ. ಕೆಲವು ಚಪ್ಪಟೆ, ಸುತ್ತ ತೆಳು ಕಾಗದದಂಥ ರೆಕ್ಕೆ. ಕೆಲವು ದಪ್ಪ ಕಡ್ಡಿಯ ಹಾಗೆ, ಮೈಯೆಲ್ಲ ಗಂಟುಗಂಟು. ಇದು ಕಲಬೆರಕೆಯಲ್ಲ. ನಡುವಿನ ಹೂಗಳಿಂದ ರೆಕ್ಕೆಯ ಬೀಜ, ಸುತ್ತಲಿನ ಎಸಳಿನ ಹೂಗಳಿಂದ ಕಡ್ಡಿಯಂಥ ಬೀಜ. ಎರಡು ರೂಪದ ಕಾಯಿ ಅನ್ನುವುದೇ ಆ ಗ್ರೀಕ್ ಹೆಸರಿನ ಅರ್ಥ. ಎರಡನ್ನೂ ಬಿತ್ತಿ.

ಕುಶಾಲನಗರ, ಶನಿವಾರಸಂತೆ ಕಡೆ ಬಿಸಿಲು ಜಾಸ್ತಿ ಇರುವವರಿಗೆ ಡಾಲ್‌ಬರ್ಗ್ ಡೈಸಿ ಹೇಳಿ ಮಾಡಿಸಿದ್ದು. ಚಿನ್ನದ ಬಣ್ಣದ ಪುಟ್ಟ ಹೂ. ಟೆಕ್ಸಾಸ್, ಮೆಕ್ಸಿಕೋ ಕಡೆಯ ಗಿಡವಾದ್ದರಿಂದ ಸೆಕೆಗೆ ಹೆದರುವುದಿಲ್ಲ. ಮಡಿಕೇರಿ, ಭಾಗಮಂಡಲ ಕಡೆಯ ತಂಪಿಗೆ ಬೆಲ್ಲಿಸ್, ಅಂದರೆ ಇಂಗ್ಲಿಷ್ ಡೈಸಿ. ಅದಕ್ಕೆ ಚಳಿ ಇಷ್ಟ, ಅರೆ ನೆರಳೂ ನಡೆಯುತ್ತದೆ. ಆದರೆ ಹೂವಿಗೆ ಮೂರರಿಂದ ನಾಲ್ಕು ತಿಂಗಳು ಕಾಯಬೇಕು.

ಬೀಜ ಹುಡುಕಿ ಸುಸ್ತಾದವರಿಗೆ ಒಂದು ಮಾತು. ಆಸ್ಟರ್ ಕೂಡ ಡೈಸಿಯ ಹತ್ತಿರದ ನೆಂಟ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕಾಮಿನಿ, ಪೂರ್ಣಿಮಾ, ಶಶಾಂಕ್ ಎಂಬ ಆಸ್ಟರ್ ತಳಿಗಳನ್ನು ಕೊಟ್ಟಿದೆ. ನಮ್ಮ ಹವೆಯಲ್ಲೇ ಬೆಳೆದ ತಳಿಗಳಾದ್ದರಿಂದ ನಂಬಿ ಬಿತ್ತಬಹುದು.

ಲಿವಿಂಗ್‌ಸ್ಟನ್ ಡೈಸಿ ಹೇಗೆ?

ಅದು ಹೆಸರಿಗೆ ಮಾತ್ರ ಡೈಸಿ. ಕುಟುಂಬವೇ ಬೇರೆ. ಎಲೆ ದಪ್ಪ, ನೀರು ತುಂಬಿದ್ದು. ಮೇಲೆ ಹರಳು ಉದುರಿಸಿದ ಹಾಗೆ ಮಿನುಗುತ್ತದೆ. ಮಂಜು ಬೀಳುವ ಜಾಗದಲ್ಲಿ ಬೇಗ ಕೊಳೆಯುತ್ತದೆ. ಕುಶಾಲನಗರದ ಕಡೆ, ಮರಳು ಜಾಸ್ತಿ ಹಾಕಿದ ಕುಂಡದಲ್ಲಿ ಬೆಳೆಸಿ.

ಪ್ಯಾಕೆಟ್ ಹಿಂದೆ ಮಾರ್ಚ್–ಏಪ್ರಿಲ್‌ನಲ್ಲಿ ಬಿತ್ತಿ ಎಂದಿದೆ. ಹಾಗೇ ಮಾಡಲಾ?

ದಯವಿಟ್ಟು ಬೇಡ. ಅದು ಹಿಮ ಬೀಳುವ ದೇಶದವರಿಗೆ ಬರೆದದ್ದು. ಅಲ್ಲಿ ಮಾರ್ಚ್ ಹೊತ್ತಿಗೆ ಹಿಮ ಕರಗುತ್ತದೆ, ಜೂನ್–ಜುಲೈನಲ್ಲಿ ಬಿಸಿಲು. ನಮ್ಮಲ್ಲಿ ಮಾರ್ಚ್‌ನಲ್ಲಿ ಬಿತ್ತಿದರೆ ಗಿಡ ಮೊಗ್ಗು ಬಿಡುವ ಹೊತ್ತಿಗೆ ಸರಿಯಾಗಿ ಮುಂಗಾರು ಬಂದು ಕೂರುತ್ತದೆ. ಮಡಿಕೇರಿ ಕಡೆ ವರ್ಷಕ್ಕೆ 100 ಇಂಚು ದಾಟಿ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ವಾರಗಟ್ಟಲೆ ಎಲೆಯ ಮೇಲಿನ ನೀರು ಆರುವುದಿಲ್ಲ. ಡೈಸಿಗೆ ನಮ್ಮ ಚಳಿ ಏನೂ ಮಾಡುವುದಿಲ್ಲ. ಅದನ್ನು ಕೊಲ್ಲುವುದು ಈ ಆರದ ಒದ್ದೆ.

ಹಾಗಾಗಿ ಪ್ಯಾಕೆಟ್ ಬದಿಗಿಟ್ಟು ನಮ್ಮ ಹಬ್ಬಗಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಸೆಪ್ಟೆಂಬರ್ 3ರ ಕೈಲ್ ಮುಹೂರ್ತ ಮುಗಿದ ಮೇಲೆ ಮಣ್ಣು, ಗೊಬ್ಬರ ಜೋಡಿಸಿ ಒದ್ದೆಯಾಗದ ಕಡೆ ಇಡಿ. ಅಕ್ಟೋಬರ್ 17ರ ಸುಮಾರಿಗೆ ಕಾವೇರಿ ಸಂಕ್ರಮಣ. ತೀರ್ಥ ತಂದು ಮನೆಯಲ್ಲಿಟ್ಟ ವಾರವೇ ಬೀಜ ಬಿತ್ತಿ. ಹುತ್ತರಿ ಹೊತ್ತಿಗೆ, ಅಂದರೆ ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ, ಸಸಿಗಳನ್ನು ಅಂಗಳಕ್ಕೆ ಇಳಿಸಿ. ಜನವರಿಯಲ್ಲಿ ರೊಬಸ್ಟಾ ಕುಯ್ಲು ಶುರುವಾಗುವಾಗ ಮನೆ ಮುಂದೆ ಹೂ ಇರುತ್ತದೆ. ಮಾರ್ಚ್ ಪೂರ್ತಿ ಹೂ ಉಳಿಯುತ್ತದೆ.

ಸೆಪ್ಟೆಂಬರ್ ಬಿಸಿಲನ್ನು ಮಾತ್ರ ನಂಬಬೇಡಿ. ಒಂದು ವರ್ಷ ಹತ್ತು ದಿನ ಸತತ ಬಿಸಿಲು ಬಂತು. ಮಳೆ ಹೋಯಿತು ಅಂದುಕೊಂಡು ಎಂಟು ಟ್ರೇ ಬಿತ್ತಿ ಅಂಗಳದಲ್ಲೇ ಇಟ್ಟೆ. ಸಸಿ ಎರಡು ಎಲೆ ಬಿಟ್ಟಿದ್ದವು. ತಿಂಗಳ ಕೊನೆಗೆ ಒಂದೇ ರಾತ್ರಿ ಎರಡು ಇಂಚು 40 ಸೆಂಟ್, ಅಂದರೆ 2.4 ಇಂಚು ಮಳೆ. ಬೆಳಿಗ್ಗೆ ನೋಡಿದರೆ ಟ್ರೇಯ ಮಣ್ಣೆಲ್ಲ ಕೊಚ್ಚಿಹೋಗಿ, ಸಸಿಗಳು ಮೂಲೆಯಲ್ಲಿ ಗುಡ್ಡೆಯಾಗಿ ಬಿದ್ದಿದ್ದವು. ಆ ದಿನ ನನಗೆ ನಿಜಕ್ಕೂ ಅಳು ಬಂದಿತ್ತು.

ಕುಶಾಲನಗರದ ಕಡೆಯವರು ಸೆಪ್ಟೆಂಬರ್ ಕೊನೆಯಲ್ಲೇ ಶುರು ಮಾಡಬಹುದು. ಎಲ್ಲಿಯವರಾದರೂ ಎಲ್ಲ ಬೀಜ ಒಂದೇ ದಿನ ಮುಗಿಸಬೇಡಿ. ಅರ್ಧ ಉಳಿಸಿ ಮೂರು ವಾರ ಬಿಟ್ಟು ಬಿತ್ತಿ. ಮೊದಲ ಗಿಡಗಳು ದಣಿಯುವಾಗ ಎರಡನೆಯವು ಹೂ ಬಿಡುತ್ತವೆ.

ಕಾಫಿ ನರ್ಸರಿಯ ಮಣ್ಣಿನ ಮಿಶ್ರಣವೇ ಸಾಕಾ?

ನೇರ ಬಿತ್ತನೆಗೆ ಅದು ದೊರಗು. ಕಾಫಿ ಸಸಿ ಬೆಳೆಸುವ ಚೀಲಕ್ಕೆ, ಅಂದರೆ ಬುಟ್ಟೆಗೆ, ಕಾಡು ಮಣ್ಣು ಆರು ಪಾಲು, ಕೊಟ್ಟಿಗೆ ಗೊಬ್ಬರ ಎರಡು, ಮರಳು ಒಂದು ಅಂತ ಹಾಕುತ್ತೇವೆ. ಕಾಫಿ ಬೀಜ ದೊಡ್ಡದು, ಹೇಗೋ ಎದ್ದು ಬರುತ್ತದೆ. ಡೈಸಿ ಬೀಜ ರಾಗಿಗಿಂತ ಹಗುರ. ಬೆಲ್ಲಿಸ್ ಬೀಜವಂತೂ ಉಸಿರು ಬಿಟ್ಟರೆ ಹಾರಿಹೋಗುತ್ತದೆ.

ನಾನು ಹಾಕುವುದು ಜರಡಿ ಹಿಡಿದ ಕಾಡು ಮಣ್ಣು, ಮರಳು, ಪೂರ್ತಿ ಕಳಿತ ಎಲೆಗೊಬ್ಬರ, ಮೂರೂ ಸಮ ಪಾಲು. ಪೇಟೆಯವರಿಗೆ ಕೋಕೋಪಿಟ್ (ತೆಂಗಿನ ನಾರಿನ ಪುಡಿ) ಮತ್ತು ಎರೆಹುಳು ಗೊಬ್ಬರ ಸುಲಭ. ಬಿತ್ತುವ ಹಿಂದಿನ ದಿನ ಮಿಶ್ರಣದ ಮೇಲೆ ಕುದಿಯುವ ನೀರು ಸುರಿದು ಆರಲು ಬಿಡಿ. ಕಳೆ ಬೀಜ, ಇರುವೆ ಮೊಟ್ಟೆ, ಕೊಳೆ ತರುವ ಶಿಲೀಂಧ್ರ ಬಹಳಷ್ಟು ಸಾಯುತ್ತವೆ.

ಇಷ್ಟು ಸಣ್ಣ ಬೀಜವನ್ನು ಬಿತ್ತುವುದು ಹೇಗೆ?

ಒಂದು ಚಿಟಿಕೆ ಬೀಜಕ್ಕೆ ಒಂದು ಚಮಚ ಒಣ ಮರಳು ಸೇರಿಸಿ, ರಂಗೋಲಿ ಹಿಡಿಯುವ ಹಾಗೆ ಬೆರಳ ಸಂದಿಯಿಂದ ಉದುರಿಸಿ. ಮರಳು ಬಿದ್ದ ಕಡೆ ಕಾಣಿಸುವುದರಿಂದ ಒಂದೇ ಕಡೆ ಗುಂಪಾಗುವುದಿಲ್ಲ.

ಮುಚ್ಚುವ ವಿಷಯದಲ್ಲಿ ತುಂಬ ಜನ ತಪ್ಪುತ್ತಾರೆ. ಬೆಲ್ಲಿಸ್, ಸ್ನೋ ಡೈಸಿ, ಡಾಲ್‌ಬರ್ಗ್ ಬೀಜಗಳಿಗೆ ಮಣ್ಣು ಮುಚ್ಚಬೇಡಿ. ಬೆಳಕು ಬಿದ್ದರೆ ಚೆನ್ನಾಗಿ ಮೊಳೆಯುತ್ತವೆ. ಅಂಗೈಯಿಂದ ಮೆಲ್ಲನೆ ಒತ್ತಿದರೆ ಸಾಕು. ಸ್ವಾನ್ ರಿವರ್‌ಗೆ ಬೀಜ ಮರೆಯಾಗುವಷ್ಟು ಮಾತ್ರ ಜರಡಿ ಮಣ್ಣು. ಡೈಮಾರ್ಫೋಥಿಕಾ, ಆಸ್ಟರ್ ಬೀಜ ದೊಡ್ಡವು. 3 ಮಿ.ಮೀ. ಮುಚ್ಚಿ.

ಮೇಲಿನಿಂದ ನೀರು ಸುರಿಯಬೇಡಿ. ಬೇಸಿನ್‌ನಲ್ಲಿ ಎರಡು ಇಂಚು ನೀರು ಹಾಕಿ ಟ್ರೇಯನ್ನು ಅದರಲ್ಲಿ ಇಡಿ. ಮೇಲಿನ ಮಣ್ಣು ಕಪ್ಪಾದ ತಕ್ಷಣ ಎತ್ತಿಬಿಡಿ. ಜಗಲಿಯಲ್ಲಿ ಬೆಳಕು ಬರುವ ಕಡೆ, ಹಂಚಿನ ನೀರು ತೊಟ್ಟಿಕ್ಕದ ಕಡೆ ಇರಲಿ. ಅಕ್ಟೋಬರ್–ನವೆಂಬರ್‌ನಲ್ಲಿ ಮಧ್ಯಾಹ್ನ ಗುಡುಗಿ ಸುರಿಯುವ ಮಳೆಗೆ ಟ್ರೇ ಸಿಗಲೇಬಾರದು. ಬೆಂಚಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟರೆ ಇರುವೆ ಬೀಜ ಹೊತ್ತುಕೊಂಡು ಹೋಗುವುದಿಲ್ಲ.

ಒಂದರಿಂದ ಎರಡು ವಾರದಲ್ಲಿ ಮೊಳಕೆ. ಸ್ವಾನ್ ರಿವರ್ ಕೆಲವೊಮ್ಮೆ ಮೂರು ವಾರ ಸತಾಯಿಸುತ್ತದೆ.

ಬೀಜದ ಸುತ್ತ ಬಿಳಿ ಬೂಷ್ಟು ಬಂದಿದೆ. ಎಸೆಯಲಾ?

ಎಸೆಯುವ ಮೊದಲು ಟಾರ್ಚ್ ಹಿಡಿದು ಅಡ್ಡದಿಂದ ನೋಡಿ. ಮಣ್ಣಿನ ಮೇಲೇ ಮೊಳೆಯುವ ಬೀಜದಿಂದ ಮೊದಲು ಬರುವುದು ಬೇರು. ಆ ಬೇರಿನ ಸುತ್ತ ಬಿಳಿ ಹತ್ತಿಯ ಎಳೆಯಂಥ ರೋಮ ಇರುತ್ತದೆ. ಒಂದೊಂದು ಬೀಜಕ್ಕೂ ಅಚ್ಚುಕಟ್ಟಾಗಿ ಒಂದೊಂದು ಬಿಳಿ ಕುಚ್ಚು ಇದ್ದರೆ ಅದು ಬೇರು ರೋಮ. ಎರಡು ದಿನದಲ್ಲಿ ಹಸಿರು ಕಾಣಿಸುತ್ತದೆ. ಮಣ್ಣಿನ ಮೇಲೆಲ್ಲ ಜೇಡರ ಬಲೆಯ ಹಾಗೆ ಹಬ್ಬಿದ್ದರೆ ಮಾತ್ರ ಬೂಷ್ಟು.

ಸಸಿ ಚೆನ್ನಾಗಿಯೇ ಇತ್ತು. ಬೆಳಿಗ್ಗೆ ಎದ್ದಾಗ ಬುಡ ಕಡಿದ ಹಾಗೆ ಬಿದ್ದಿತ್ತು. ಯಾಕೆ?

ಬುಡ ನೂಲಿನಂತೆ ಸಣಕಲಾಗಿ, ನೀರು ಕುಡಿದ ಹಾಗೆ ಕಂದಾಗಿದ್ದರೆ ಸಸಿ ಕೊಳೆ ರೋಗ. ಒತ್ತೊತ್ತಾಗಿ ಬಿತ್ತಿದ್ದು, ಜಾಸ್ತಿ ನೀರು, ಗಾಳಿ ಆಡದಿದ್ದುದು, ಈ ಮೂರೂ ಸೇರಿದರೆ ಒಂದೇ ರಾತ್ರಿಯಲ್ಲಿ ಅರ್ಧ ಟ್ರೇ ಹೋಗುತ್ತದೆ. ಬಿದ್ದ ಸಸಿಯನ್ನು ಸುತ್ತಲಿನ ಮಣ್ಣಿನ ಸಮೇತ ಚಮಚದಲ್ಲಿ ತೆಗೆದುಹಾಕಿ, ಟ್ರೇಯನ್ನು ಗಾಳಿಗೆ ಸರಿಸಿ, ಎರಡು ದಿನ ನೀರು ತಡೆಯಿರಿ. ಮುಂದಿನ ಸಲ ಮಿಶ್ರಣಕ್ಕೆ ಮೊದಲೇ ಟ್ರೈಕೋಡರ್ಮ, ಅಂದರೆ ಕೊಳೆ ರೋಗ ತಡೆಯುವ ಒಳ್ಳೆಯ ಶಿಲೀಂಧ್ರ, ಸೇರಿಸಿ. ಮೆಣಸಿನ ಬಳ್ಳಿಗೆ ತಂದದ್ದು ಮನೆಯಲ್ಲಿ ಇದ್ದೇ ಇರುತ್ತದೆ. ಕುದಿಯುವ ನೀರು ಹಾಕಿದ ಮಣ್ಣು ಪೂರ್ತಿ ಆರಿದ ಮೇಲೆ ಸೇರಿಸಿ. ಬಿಸಿಗೆ ಅದೂ ಸಾಯುತ್ತದೆ.

ಬುಡ ಗಟ್ಟಿಯಾಗೇ ಇದ್ದು ಚಾಕುವಿನಿಂದ ಕೊಯ್ದ ಹಾಗಿದ್ದರೆ ಹುಳುವಿನ ಕೆಲಸ. ಅದಕ್ಕೆ ಮುಂದೆ ಹೇಳಿದ್ದೇನೆ.

ಸಸಿ ಕಿತ್ತು ನೆಡುವುದು ಯಾವಾಗ? ಎಷ್ಟು ಅಂತರ?

ಮೊದಲ ಎರಡು ದುಂಡು ಎಲೆ ಲೆಕ್ಕಕ್ಕಿಲ್ಲ. ಅದರ ಮೇಲೆ ನಾಲ್ಕು ನಿಜವಾದ ಎಲೆ ಬರಲಿ. ನಾಲ್ಕರಿಂದ ಐದು ವಾರ ಆಗುತ್ತದೆ. ನೆಡುವ ಮೊದಲು ಒಂದು ವಾರ ದಿನಕ್ಕೆ ಸ್ವಲ್ಪ ಸ್ವಲ್ಪ ಹೊತ್ತು ಬಿಸಿಲಿಗೆ ಇಟ್ಟು ಒಗ್ಗಿಸಿ. ಕೀಳುವಾಗ ಎಲೆ ಹಿಡಿಯಿರಿ, ಕಾಂಡ ಹಿಡಿಯಬೇಡಿ. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ಜಜ್ಜಿದರೆ ಸಸಿಯೇ ಹೋಯಿತು.

ನೆಡುವುದು ಸಂಜೆ. ಸ್ನೋ ಡೈಸಿ, ಬೆಲ್ಲಿಸ್, ಡಾಲ್‌ಬರ್ಗ್‌ಗೆ ಒಂದು ಗೇಣು ಅಂತರ. ಡೈಮಾರ್ಫೋಥಿಕಾ, ಆಸ್ಟರ್‌ಗೆ ಒಂದು ಅಡಿ. ಅಂಚಿನ ಸಾಲನ್ನು ನೇರ ಗೆರೆಯಾಗಿ ನೆಡುವುದಕ್ಕಿಂತ ಐದೈದು ಗಿಡದ ಗುಂಪು ಮಾಡಿದರೆ ಒಂದು ಗಿಡ ಸತ್ತರೂ ಸಂದಿ ಕಾಣುವುದಿಲ್ಲ.

ಸ್ವಾನ್ ರಿವರ್ ಸಸಿ ಬೆರಳುದ್ದ ಆದಾಗ ಕುಡಿ ಚಿವುಟಿ. ಕಾಫಿಗೆ ಚಿಗುರು ತೆಗೆಯುವ ನಮ್ಮ ಲೈನ್‌ಮನೆಯ ಅಕ್ಕನೇ ನನಗೆ ಇದನ್ನು ಕೈ ಹಿಡಿದು ಕಲಿಸಿದ್ದು. ಎರಡು ಉಗುರ ನಡುವೆ ಹಿಡಿದು ಒಂದೇ ಸಲ ಚಿವುಟಬೇಕು, ಎಳೆಯಬಾರದು. ಒಂದು ಕುಡಿ ಹೋದ ಜಾಗದಲ್ಲಿ ನಾಲ್ಕು ಬರುತ್ತವೆ. ಹೂ ಹತ್ತು ದಿನ ತಡವಾಗುತ್ತದೆ, ಆದರೆ ಗಿಡ ಬುಟ್ಟಿಯ ಹಾಗೆ ತುಂಬಿಕೊಳ್ಳುತ್ತದೆ.

ನಮ್ಮ ಮಣ್ಣು ಹುಳಿ ಅಂತಾರೆ. ಸುಣ್ಣ ಹಾಕಬೇಕಾ?

ಹೌದು, ಮಳೆ ಜಾಸ್ತಿ ಬೀಳುವ ಕಡೆ ಸುಣ್ಣದ ಅಂಶ ತೊಳೆದುಹೋಗುತ್ತದೆ. ತೋಟಕ್ಕೆ ತಂದ ಕೃಷಿ ಸುಣ್ಣವನ್ನೇ ಒಂದು ಚದರ ಮೀಟರಿಗೆ ಎರಡು ಹಿಡಿ ಹರಡಿ ಮಣ್ಣಲ್ಲಿ ಬೆರೆಸಿ. ಎರಡು ವಾರ ಬಿಟ್ಟು ಆಮೇಲೆ ಗೊಬ್ಬರ ಕೊಡಿ. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ.

ಕುಂಡ ಎಷ್ಟು ದೊಡ್ಡದಿರಬೇಕು?

ಹತ್ತು ಇಂಚಿನ ಕುಂಡಕ್ಕೆ ಮೂರು ಗಿಡ. ತಳದಲ್ಲಿ ತೂತು ಇರಲೇಬೇಕು, ಮತ್ತು ಕುಂಡದ ಅಡಿಗೆ ಎರಡು ಹಂಚಿನ ಚೂರು ಇಟ್ಟು ನೆಲದಿಂದ ಎತ್ತರಿಸಿ. ಸಿಮೆಂಟ್ ನೆಲಕ್ಕೆ ಅಂಟಿ ಕೂತ ಕುಂಡದ ತೂತು ಇದ್ದೂ ಇಲ್ಲದ ಹಾಗೆ. ಅಡಿಗೆ ತಟ್ಟೆ ಇಟ್ಟು ನೀರು ನಿಲ್ಲಿಸಬೇಡಿ. ಜನವರಿಯ ಬಿಸಿಲಲ್ಲಿ ಸಣ್ಣ ಕುಂಡ ದಿನಕ್ಕೊಮ್ಮೆ ಒಣಗುತ್ತದೆ. ಬೆರಳು ಒಂದು ಇಂಚು ಒಳಗೆ ಇಟ್ಟು ನೋಡಿ ನೀರು ಹಾಕಿ.

ದುಡ್ಡು ಕೊಟ್ಟು ಕುಂಡ ತರಬೇಕೆಂದೇನಿಲ್ಲ. ಉಳಿದ ಕಾಫಿ ಬುಟ್ಟೆ ಚೀಲಕ್ಕೆ ಒಂದೊಂದು ಸ್ನೋ ಡೈಸಿ ಹಾಕಿ ಮೆಟ್ಟಿಲ ಎರಡು ಬದಿ ಇಟ್ಟರೂ ನೋಡಲು ಚಂದ.

ಗಿಡ ಸೊಂಪಾಗಿದೆ, ಹೂವೇ ಇಲ್ಲ.

ಒಂದೋ ನೆರಳು, ಇಲ್ಲವೇ ಗೊಬ್ಬರ ಜಾಸ್ತಿ. ಸಿಲ್ವರ್ ಓಕ್ ನೆರಳು ಕಾಫಿಗೆ ಬೇಕು, ಡೈಸಿಗೆ ಬೇಡ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳುವ ಜಾಗ ಹುಡುಕಿ. ಕಾಫಿ ಒಣಗಿಸುವ ಕಣದ ಅಂಚು ಬಹಳ ಒಳ್ಳೆಯದು. ಯೂರಿಯಾ ಹತ್ತಿರ ತರಬೇಡಿ. ಡೈಮಾರ್ಫೋಥಿಕಾ ಬಡ ಮಣ್ಣಿನಲ್ಲೇ ಚೆನ್ನಾಗಿ ಹೂ ಬಿಡುತ್ತದೆ.

ಬೆಳಿಗ್ಗೆ ನೆಂಟರು ಬಂದಾಗ ಹೂ ಮುಚ್ಚಿಕೊಂಡೇ ಇತ್ತು. ರೋಗವೇ?

ಅಲ್ಲ. ಆಫ್ರಿಕನ್ ಡೈಸಿ ಬಿಸಿಲು ಬಿದ್ದರೆ ಮಾತ್ರ ಬಿಚ್ಚುತ್ತದೆ. ನಮ್ಮ ಅಂಗಳದಲ್ಲಿ ಜನವರಿಯಲ್ಲಿ ಮಂಜು ಸರಿಯುವಾಗ ಒಂಬತ್ತೂವರೆ ಆಗುತ್ತದೆ. ಆಗ ನೋಡಬೇಕು. ಮೊದಲು ಎಸಳಿನ ತುದಿ ಸಡಿಲವಾಗುತ್ತದೆ, ಹೊರಮೈಯ ಮಾಸಲು ಬಣ್ಣ ಹಿಂದಕ್ಕೆ ಸರಿಯುತ್ತದೆ, ಕಾಫಿ ಕುಡಿದು ಲೋಟ ಇಡುವಷ್ಟರಲ್ಲಿ ಇಡೀ ಸಾಲು ಕಿತ್ತಳೆ ಆಗಿರುತ್ತದೆ. ಸಂಜೆಯೂ ಹೂ ಬೇಕು ಅನ್ನುವವರು ಬಾಗಿಲ ಹತ್ತಿರ ಸ್ನೋ ಡೈಸಿ ಇಡಿ.

ಬಸವನಹುಳ, ಸಿಂಬಳದ ಹುಳಕ್ಕೆ ಏನು ಮಾಡುವುದು?

ರಾತ್ರಿ ಎಂಟರ ಮೇಲೆ ಟಾರ್ಚ್ ಹಿಡಿದು ಆರಿಸಿ, ಉಪ್ಪು ನೀರಿಗೆ ಹಾಕಿ. ಬೇರೆ ಏನೇ ಮಾಡಿದರೂ ಇದರಷ್ಟು ಕೆಲಸಕ್ಕೆ ಬಂದಿಲ್ಲ. ಉಪ್ಪನ್ನು ಗಿಡದ ಬುಡಕ್ಕೆ ಮಾತ್ರ ಹಾಕಬೇಡಿ. ಸಂಜೆ ಒದ್ದೆ ಗೋಣಿಚೀಲ ಹಾಸಿಟ್ಟರೆ ಅಡಿಗೆ ಬಂದು ಸೇರುತ್ತವೆ, ಬೆಳಿಗ್ಗೆ ಎತ್ತಿ ಹಿಡಿಯಬಹುದು. ದೊಡ್ಡ ಆಫ್ರಿಕನ್ ಬಸವನಹುಳ ಶನಿವಾರಸಂತೆ ಕಡೆಯ ಕಾಫಿ ತೋಟಗಳಿಗೇ ಕಾಟ ಕೊಟ್ಟಿದೆ. ಬರಿಗೈಯಲ್ಲಿ ಮುಟ್ಟಬೇಡಿ. ಅದರಲ್ಲಿ ಮನುಷ್ಯರಿಗೆ ಕಾಯಿಲೆ ತರುವ ಜಂತು ಇರಬಹುದು.

ಕುಂಡದ ಗಿಡ ನೀರು ಹಾಕಿದರೂ ಬಾಡುತ್ತಿದ್ದರೆ ಬುಡ ಕೆದಕಿ. ಅರೆಬೆಂದ ಕೊಟ್ಟಿಗೆ ಗೊಬ್ಬರದ ಜೊತೆ ಬಂದ ಗೊಣ್ಣೆ ಹುಳು ಬೇರು ತಿನ್ನುತ್ತಿರಬಹುದು. ಕುಡಿಯಲ್ಲಿ ಹೇನು ಕಂಡರೆ ಬೇವಿನೆಣ್ಣೆಗೆ ಸ್ವಲ್ಪ ಸೋಪು ನೀರು ಬೆರೆಸಿ ಸಂಜೆ ಸಿಂಪಡಿಸಿ. ಹಗಲಲ್ಲಿ ಬೇಡ, ಜೇನು ಬರುವ ಹೊತ್ತು ಅದು. ಎಸಳು ಒಂದೇ ಸುತ್ತು ಇರುವ ಡೈಸಿಗೆ ತುಡುವೆ ಜೇನು ತುಂಬ ಬರುತ್ತದೆ. ನಡುವಿನ ಹಳದಿ ಭಾಗದಲ್ಲೇ ಅದಕ್ಕೆ ಬೇಕಾದ ಪರಾಗ ಇರುವುದು. ರೊಬಸ್ಟಾಗೆ ಕಾಯಿ ಕಟ್ಟಲು ಬೇರೆ ಗಿಡದ ಪರಾಗ ಬೇಕು. ತೋಟದ ಹತ್ತಿರ ಜೇನು ಉಳಿದರೆ ನಮಗೇ ಲಾಭ.

ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬಂದರೆ ಡೈಸಿ ಹಾಳಾಗುತ್ತದಾ?

ಒಂದು ಮಳೆಗೆ ಏನೂ ಆಗುವುದಿಲ್ಲ. ನೆನೆದ ಹೂಗಳನ್ನು ಅದೇ ದಿನ ಕಿತ್ತುಬಿಡಿ, ಮೊಗ್ಗು ಉಳಿಯುತ್ತವೆ. ಬಾಡಿದ ಹೂ ವಾರಕ್ಕೆರಡು ಸಲ ತೆಗೆಯುವ ಅಭ್ಯಾಸವಿದ್ದರೆ ಒಂದು ತಿಂಗಳು ಜಾಸ್ತಿ ಹೂ ಸಿಗುತ್ತದೆ. ಬೀಜ ಕಟ್ಟಿತು ಅಂದರೆ ಗಿಡಕ್ಕೆ ತನ್ನ ಕೆಲಸ ಮುಗಿಯಿತು ಅನಿಸುತ್ತದೆ.

ಮುಂದಿನ ವರ್ಷಕ್ಕೆ ಬೀಜ ಉಳಿಸಬಹುದಾ?

ಫೆಬ್ರವರಿ ಕೊನೆಯಲ್ಲಿ ಒಳ್ಳೆಯ ಎರಡು ಗಿಡ ಆರಿಸಿ, ಅವುಗಳ ಹೂ ಕೀಳದೆ ಬಿಡಿ. ನಡುಭಾಗ ಕಂದಾಗಿ ಮುಟ್ಟಿದರೆ ಉದುರುವಂತಾದಾಗ ಒಣ ಮಧ್ಯಾಹ್ನ ಕಿತ್ತು ಕಾಗದದ ಮೇಲೆ ನೆರಳಲ್ಲಿ ಒಣಗಿಸಿ. ಎಫ್1 ಹೈಬ್ರಿಡ್, ಅಂದರೆ ಎರಡು ತಳಿ ಕೂಡಿಸಿ ಪಡೆದ ಬೀಜ ಮಾತ್ರ ಉಳಿಸಬೇಡಿ, ಮುಂದೆ ತಾಯಿಯ ಹಾಗೆ ಬರುವುದಿಲ್ಲ.

ಕಷ್ಟ ಇರುವುದು ಕಾಪಾಡುವುದರಲ್ಲಿ. ಜುಲೈನಲ್ಲಿ ನಮ್ಮ ಮನೆಗಳಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ. ಬೀಜದ ಪೊಟ್ಟಣಗಳನ್ನು ಗಟ್ಟಿ ಮುಚ್ಚಳದ ಗಾಜಿನ ಬಾಟಲಿಗೆ ಹಾಕಿ, ಔಷಧಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಸೇರಿಸಿ, ಫ್ರಿಜ್‌ನ ಕೆಳಗಿನ ಭಾಗದಲ್ಲಿ ಇಡಿ. ಹೊರಗೆ ತೆಗೆದಾಗ ಬಾಟಲಿಯ ತಣುಪು ಹೋಗುವವರೆಗೆ ಮುಚ್ಚಳ ತೆರೆಯಬೇಡಿ. ಇಲ್ಲದಿದ್ದರೆ ಗಾಳಿಯ ನೀರೆಲ್ಲ ಬೀಜದ ಮೇಲೆ ಕೂರುತ್ತದೆ.

ನರ್ಸರಿಯಲ್ಲಿ ಸಿಂಗಾಪುರ ಡೈಸಿ ಕೊಟ್ಟರು. ಬೀಜದ ಗೋಳಿಲ್ಲ, ಬೇಗ ಹಬ್ಬುತ್ತದೆ ಅಂದರು. ಹಾಕಲಾ?

ಖಂಡಿತ ಹಾಕಬೇಡಿ. ಹೆಸರು ಸಿಂಗಾಪುರ, ಮೂಲ ಅಮೆರಿಕದ ಉಷ್ಣ ಸೀಮೆ. ಗಂಟು ಗಂಟಿಗೂ ಬೇರು ಬಿಟ್ಟು ನೆಲ ಮುಚ್ಚುತ್ತದೆ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಕಿತ್ತು ತೋಡಿಗೆ ಎಸೆದ ಒಂದು ತುಂಡು ಕೆಳಗೆ ಎಲ್ಲೋ ಹೋಗಿ ಬೇರೂರುತ್ತದೆ. ನಮ್ಮ ತೋಡುಗಳು ಸೇರುವುದು ಕಾವೇರಿಗೆ, ಬರಪೊಳೆಗೆ. ಈಗಾಗಲೇ ಹಾಕಿದ್ದರೆ ಬೇರು ಸಮೇತ ಕಿತ್ತು, ಕಣದಲ್ಲಿ ಪೂರ್ತಿ ಒಣಗಿಸಿ ಸುಟ್ಟುಬಿಡಿ.

ಹೂ ಮುಗಿದ ಗಿಡ, ಕುಂಡದ ಮಣ್ಣು ಏನು ಮಾಡಲಿ?

ರೋಗವಿಲ್ಲದ ಗಿಡವನ್ನು ಕತ್ತರಿಸಿ ಗೊಬ್ಬರ ಗುಂಡಿಗೆ ಹಾಕಿ. ಕುಂಡದ ಮಣ್ಣಿಗೆ ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ, ಏಪ್ರಿಲ್‌ನಲ್ಲಿ ಬೀನ್ಸ್ ಹಾಕಿ. ಆಸ್ಟರ್ ಬೆಳೆದ ಮಣ್ಣಿನಲ್ಲಿ ಮರುವರ್ಷ ಮತ್ತೆ ಆಸ್ಟರ್ ಬೇಡ. ಸೊರಗು ರೋಗದ ಶಿಲೀಂಧ್ರ ಮಣ್ಣಿನಲ್ಲೇ ವರ್ಷಗಟ್ಟಲೆ ಉಳಿಯುತ್ತದೆ. ಖಾಲಿ ಕುಂಡಗಳನ್ನು ಮೇ ಕೊನೆಯೊಳಗೆ ತೊಳೆದು, ಕವುಚಿ ಒಳಗಿಡಿ.